ಮೊದಲ ಸುತ್ತಿನ ಒಂದು ‘ಇಲ್ಲ’

ಬಾಲ್ಯದಲ್ಲಿ ತಿಂದ ಪೆಟ್ಟು ಮೈಮೇಲಿಂದ ಮಾಸಿದ ಮೇಲೆ ಎಲ್ಲಿಗೆ ಹೋಗಿ ಕೂರುತ್ತದೆ ಎಂಬ ಪ್ರಶ್ನೆಗೆ ಮೂವತ್ತೆರಡು ವರ್ಷ ಒಂದೇ ಕೋಣೆಯಲ್ಲಿ ಕುಳಿತು ಉತ್ತರ ಹುಡುಕಿದವರು ನಮ್ಮ ಮನಶ್ಶಾಸ್ತ್ರ ವಿಭಾಗದ ಹಿರಿಯ ಪ್ರಾಧ್ಯಾಪಕಿ. ಒಂಬತ್ತು ವರ್ಷದ ಮುನ್ನೂರ ಎಂಬತ್ತಾರು ಮಕ್ಕಳನ್ನು ಆರಿಸಿಕೊಂಡು, ಎಂಟೆಂಟು ವರ್ಷಕ್ಕೊಮ್ಮೆ ಮತ್ತೆ ಕರೆಸಿ ಮಾತಾಡಿಸಿ, ಐದು ಸುತ್ತುಗಳನ್ನು ಪೂರೈಸಿ ಅವರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಈ ವಿಷಯದಲ್ಲಿ ಕೆಲಸ ಮಾಡುವ ಯಾರೂ ಅವರ ಬರಹಗಳನ್ನು ಓದದೆ ಮುಂದೆ ಹೋಗುವಂತಿಲ್ಲ. ಓದಿದವರು ನೆಮ್ಮದಿಯಿಂದ ಇದ್ದದ್ದನ್ನೂ ನಾನು ಕಂಡಿಲ್ಲ.

ವಿದ್ಯಾರ್ಥಿಗಳು ಅವರ ಬೆನ್ನ ಹಿಂದೆ ಅವರನ್ನು ‘ಆಮೇಲೆ ಮೇಡಂ’ ಎನ್ನುತ್ತಾರೆ. ಎದುರಿಗಿರುವವರು ಮಾತು ನಿಲ್ಲಿಸಿದಾಗ ಸುಮ್ಮನಿದ್ದು, ಮೆಲ್ಲಗೆ ‘ಆಮೇಲೆ?’ ಎನ್ನುವುದು ಸಂದರ್ಶನದ ಪಾಠಗಳಲ್ಲಿ ಮೊದಲನೆಯದು. ಮೇಡಂಗೆ ಅದು ಎಷ್ಟು ಅಂಟಿಕೊಂಡಿದೆಯೆಂದರೆ, ಬಸ್ಸು ತಡವಾದದ್ದಕ್ಕೆ ಕಂಡಕ್ಟರು ಕಾರಣ ಹೇಳಿ ಮುಗಿಸಿದರೂ ‘ಆಮೇಲೆ?’ ಎಂದು ಕೇಳಿ, ಆತ ತನ್ನ ಮನೆಯ ಕಷ್ಟವನ್ನೆಲ್ಲ ತೋಡಿಕೊಂಡು, ಅವರು ಇಳಿಯಬೇಕಾದ ನಿಲ್ದಾಣ ದಾಟಿಹೋದದ್ದುಂಟು.

ಇಪ್ಪತ್ತೆಂಟರ ವಯಸ್ಸಿನಲ್ಲಿ ಅವರು ಕೆಲಸಕ್ಕೆ ಸೇರಿದಾಗ ವಿಭಾಗದವರು ಅವರಿಗೆ ಕೊಟ್ಟದ್ದು ಮೂರನೆಯ ಮಹಡಿಯಲ್ಲಿ ಮುರಿದ ಬೆಂಚುಗಳನ್ನು ಒಟ್ಟಿದ್ದ ಕೋಣೆ. ಅವರು ಬಡಗಿಯನ್ನು ಕರೆಸಿ ತಮ್ಮ ಕುರ್ಚಿಯ ಕಾಲುಗಳನ್ನು ಕೊಯ್ಯಿಸಿ, ಮಗುವಿನ ಕಣ್ಣಿಗೆ ತಮ್ಮ ಕಣ್ಣು ನೇರವಾಗುವಂತೆ ಮಾಡಿಕೊಂಡರು. ಮಕ್ಕಳು ಹೊತ್ತು ನೋಡುತ್ತಾರೆಂದು ಗೋಡೆ ಗಡಿಯಾರವನ್ನೂ ತೆಗೆಸಿದರು. ಮೊದಲ ಸುತ್ತು ಶುರುವಾದದ್ದು ಹೀಗೆ.

ಆ ಸುತ್ತಿನ ಕಥೆ ನಮ್ಮ ಶಾಸ್ತ್ರದಲ್ಲಿ ಪ್ರಸಿದ್ಧವಾದದ್ದು. ‘ಮನೆಯಲ್ಲಿ ನಿನ್ನನ್ನು ಯಾರಾದರೂ ಹೊಡೆಯುತ್ತಾರಾ?’ ಎಂಬ ಪ್ರಶ್ನೆಗೆ ಮೊದಲ ಎರಡು ತಿಂಗಳು ಬಂದ ಮಕ್ಕಳೆಲ್ಲ ‘ಇಲ್ಲ’ ಎಂದರು. ಅವರಲ್ಲಿ ಒಬ್ಬ ಹುಡುಗಿ ಮಾತ್ರ ಎದ್ದು ಹೋಗುವಾಗ, ‘ಹೊಡೆಯಲ್ಲ ಮಿಸ್, ಬುದ್ಧಿ ಕಲಿಸ್ತಾರೆ’ ಎಂದಳು. ಮೇಡಂ ಅವಳ ಫಾರಂನಲ್ಲೂ ‘ಇಲ್ಲ’ ಎಂದೇ ಬರೆದುಕೊಂಡರು. ವಾರವಿಡೀ ತಲೆ ಕೆಡಿಸಿಕೊಂಡ ಮೇಲೆ ಅವರಿಗೆ ಹೊಳೆಯಿತು: ತಪ್ಪು ಮಕ್ಕಳದಲ್ಲ, ಪದದ್ದು. ಬೀದಿಯವರು ಮಾಡಿದರೆ ಹೊಡೆತ, ಅಪ್ಪ ಅಮ್ಮ ಮಾಡಿದರೆ ಬುದ್ಧಿ. ‘ಮನೆಯಲ್ಲಿ ನಿನಗೆ ಬುದ್ಧಿ ಹೇಗೆ ಕಲಿಸುತ್ತಾರೆ?’ ಎಂದು ಪ್ರಶ್ನೆಯನ್ನು ಬದಲಿಸಿದ್ದೇ ತಡ, ಬೆಲ್ಟು, ಕಾದ ಸೌಟು, ಬೀಗ ಹಾಕಿದ ಕತ್ತಲೆ ಕೋಣೆ ಎಲ್ಲ ಹೊರಗೆ ಬಂದವು. ಈ ಕಥೆಯನ್ನು ಮೇಡಂ ನೂರಾರು ವೇದಿಕೆಗಳಲ್ಲಿ ಹೇಳಿದ್ದಾರೆ. ನಾನೂ ಹನ್ನೊಂದು ವರ್ಷದಿಂದ ತರಗತಿಯಲ್ಲಿ ಹೇಳಿಕೊಂಡು ಬಂದಿದ್ದೇನೆ, ಹುಡುಗರನ್ನು ನಗಿಸಿಯೂ ಇದ್ದೇನೆ.

ಎರಡನೆಯ ಸುತ್ತಿನ ಹೊತ್ತಿಗೆ, ಅಧ್ಯಯನದಲ್ಲಿದ್ದ ಹದಿನೇಳರ ಹುಡುಗನೊಬ್ಬ ವಿಷ ಕುಡಿದು ಆಸ್ಪತ್ರೆ ಸೇರಿದ. ಮನೆಯವರಾರೂ ಬರಲಿಲ್ಲ. ಮೇಡಂ ಆಸ್ಪತ್ರೆಯ ಫಾರಂನಲ್ಲಿ ಸಂಬಂಧ ಎಂದಿದ್ದ ಕಡೆ ‘ಚಿಕ್ಕಮ್ಮ’ ಎಂದು ಬರೆದು ಸಹಿ ಹಾಕಿ, ಹನ್ನೆರಡು ದಿನ ಅವನ ಮಂಚದ ಪಕ್ಕ ಕುಳಿತರು. ಫಾರಂನಲ್ಲಿ ಮೇಡಂ ಸುಳ್ಳು ಬರೆದದ್ದು ಅದೊಂದೇ ಸಲ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಮೂರನೆಯ ಸುತ್ತಿಗೆ ನಾನು ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದೆ. ಮೊದಲ ಸಂದರ್ಶನ ಮುಗಿಸಿ ಮೆಟ್ಟಿಲ ಮೇಲೆ ಕುಳಿತವನಿಗೆ ಏಳಲು ಆಗಲಿಲ್ಲ. ಮೇಡಂ ಬಂದು ಒಂದು ಮೆಟ್ಟಿಲು ಕೆಳಗೆ ಕುಳಿತರು. ಸಮಾಧಾನದ ಮಾತು ಅವರ ಜಾಯಮಾನದಲ್ಲಿಲ್ಲ. ತುಸು ಹೊತ್ತಿನ ಮೇಲೆ, ‘ಏಳಪ್ಪ, ಟೀ ಲೋಟ ತೊಳೆಯೋದಿದೆ’ ಎಂದರು. ಇಬ್ಬರೂ ಸೇರಿ ತೊಳೆದೆವು. ನಾನು ಕೇಳಿ ಬರೆಯಬೇಕಿದ್ದ ಹನ್ನೆರಡು ಧ್ವನಿಮುದ್ರಣಗಳನ್ನು ಅವರು ಯಾರಿಗೂ ಹೇಳದೆ ಮನೆಗೆ ಒಯ್ದು, ತಾವೇ ಬರೆದು ತಂದು ನನ್ನ ಮೇಜಿನ ಮೇಲಿಟ್ಟರು.

ಇಷ್ಟೆಲ್ಲದರಿಂದ ತಿಳಿದದ್ದೇನು? ಪೆಟ್ಟು ನಿದ್ದೆಯಲ್ಲಿ ಕೂರುತ್ತದೆ, ಹೊಟ್ಟೆಯಲ್ಲಿ ಕೂರುತ್ತದೆ, ಬಾಗಿಲು ಬಡಿದ ಸದ್ದಿಗೆ ನಲವತ್ತರ ಗಂಡಸು ಬೆಚ್ಚುವುದರಲ್ಲಿ ಕೂರುತ್ತದೆ. ಐದನೆಯ ಸುತ್ತಿಗೆ ಪಟ್ಟಿ ಮಾಡುವಾಗ ಇಪ್ಪತ್ತೊಂಬತ್ತು ಮಂದಿ ಬದುಕಿರಲಿಲ್ಲ. ಹೆಚ್ಚು ಪೆಟ್ಟು ತಿಂದವರ ಗುಂಪಿನವರೇ ಅವರಲ್ಲಿ ಇಪ್ಪತ್ತೆರಡು. ಮೇಡಂ ಮೂರು ಸಲ ಸರ್ಕಾರಕ್ಕೆ ವರದಿ ಒಪ್ಪಿಸಿದರು, ಮೂರು ಸಲವೂ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಬಿತ್ತು. ಮಕ್ಕಳು ಮಾತ್ರ ಈಗಲೂ ಅಷ್ಟೇ ಪೆಟ್ಟು ತಿನ್ನುತ್ತಿದ್ದಾರೆ. ಇದನ್ನು ಸಾಧನೆಯೆಂದು ಬರೆಯಲು ನನಗೆ ಕೈ ಬರುವುದಿಲ್ಲ.

ಐದನೆಯ ಸುತ್ತಿನ ಕೊನೆಯ ದಿನ ಬಂದವರು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು. ವಯಸ್ಸು ನಲವತ್ತೊಂದು, ಒಂಬತ್ತು ವರ್ಷದ ಮಗಳಿದ್ದಾಳೆ. ಮೇಡಂ ಅವರೇ ತನ್ನನ್ನು ಮಾತಾಡಿಸಬೇಕೆಂದು ಆಕೆ ಹಟ ಹಿಡಿದಿದ್ದಳು. ನಾನು ಮೂಲೆಯಲ್ಲಿ ಕುಳಿತು ಧ್ವನಿಮುದ್ರಣ ನೋಡಿಕೊಳ್ಳುತ್ತಿದ್ದೆ.

‘ಮಗಳಿಗೆ ಯಾವತ್ತಾದ್ರೂ ಹೊಡ್ದಿದ್ದೀರಾ?’

‘ಇಲ್ಲ ಮೇಡಂ. ಒಂದೇ ಒಂದು ಸಲಾನೂ ಇಲ್ಲ.’

ನನಗೆ ಸಂತೋಷವಾಯಿತು. ಪೆಟ್ಟಿನ ಸರಪಳಿ ಕಡಿದುಬಿತ್ತು ಎಂದು ನಮ್ಮವರು ಇದನ್ನೇ ಹೇಳುವುದು. ಮೇಡಂ ಪೆನ್ನು ಎತ್ತಲಿಲ್ಲ, ‘ಆಮೇಲೆ?’ ಎಂದರು.

‘ಮುಟ್ಟೋದೇ ಇಲ್ಲ ಮೇಡಂ. ತಲೆ ಬಾಚೋದು, ಸ್ನಾನ ಮಾಡ್ಸೋದು, ಎಲ್ಲಾ ಅವರಪ್ಪಾನೇ. ಅಂಗಡೀಲಿ ದಿನಕ್ಕೆ ನಲವತ್ತು ಜನರ ಕಿವಿ ಹಿಂದೆ ಕೈ ಹಾಕ್ತೀನಿ, ಏನೂ ಅನ್ಸಲ್ಲ. ಇವಳ ಹತ್ರ ಕೈ ಚಾಚಿದ್ರೆ ನಮ್ಮಪ್ಪನ ಕೈ ಥರಾನೇ ಕಾಣುತ್ತೆ. ಮೊನ್ನೆ ಕೇಳ್ತಾಳೆ, ಅಮ್ಮಾ, ನಾನು ಗಲೀಜಾ ಅಂತ.’

ನಮ್ಮ ಫಾರಂನಲ್ಲಿ ಇದನ್ನು ಬರೆಯಲು ಜಾಗವಿರಲಿಲ್ಲ. ಆ ಹೆಂಗಸು ಕೈಚೀಲವನ್ನು ತೊಡೆಯ ಮೇಲೆಳೆದುಕೊಂಡು, ‘ಒಂದು ಮಾತು ಕೇಳ್ಲಾ?’ ಎಂದಳು. ‘ಬುದ್ಧಿ ಕಲಿಸ್ತಾರೆ ಅಂದವಳ ಕಥೆ ಪೇಪರ್‌ನಲ್ಲಿ ಓದಿದೆ. ಅದು ನಾನೇ ಅಲ್ವಾ? ಅವತ್ತು ನನ್ನ ತೋಳು ನೋಡಿದ್ರಿ ನೀವು. ನಿಜವಾಗ್ಲೂ ನಿಮಗೆ ಗೊತ್ತಾಗ್ಲಿಲ್ವಾ?’

ಮೇಡಂಗೆ ಉತ್ತರವೇನೂ ಕಷ್ಟವಿರಲಿಲ್ಲ. ಆ ಕಥೆಯನ್ನೇ ಇನ್ನೊಮ್ಮೆ ಹೇಳಬಹುದಿತ್ತು. ಅವರು ಫಾರಂ ಪಕ್ಕಕ್ಕಿಟ್ಟರು.

‘ಗೊತ್ತಾಗಿತ್ತಮ್ಮ. ಬರೆ ನೋಡ್ದೆ. ನಿಮ್ಮಪ್ಪ ಹೊರಗಡೆ ಬೆಂಚಿನ ಮೇಲೆ ಕೂತಿದ್ರು. ನಾನು ಮಧ್ಯೆ ಬಾಯಿ ಹಾಕಿದ್ರೆ ನಾಳೆಯಿಂದ ಯಾರೂ ಮಕ್ಕಳನ್ನ ಕಳ್ಸಲ್ಲ, ಅಧ್ಯಯನ ನಿಂತುಹೋಗುತ್ತೆ ಅನ್ನಿಸ್ತು. ಅದಕ್ಕೇ ಇಲ್ಲ ಅಂತ ಬರ್ಕೊಂಡೆ.’

ಆ ಹೆಂಗಸು ಕೈಚೀಲದ ಜಿಪ್ ಎಳೆದಳು. ‘ಒಳಗಡೆ ಏನು ಹೇಳ್ದೆ, ಏನು ಹೇಳ್ದೆ ಅಂತ ಕೇಳಿ ಕೇಳಿ ಅವತ್ತು ಮನೇಲಿ ಹೊಡೆದ್ರು ಮೇಡಂ. ನಾನು ಏನೂ ಹೇಳೇ ಇರ್ಲಿಲ್ಲ.’ ಅಷ್ಟು ಹೇಳಿ ಎದ್ದು, ಅಂಗಡಿಗೆ ಹೊತ್ತಾಯಿತೆಂದು ಹೊರಟುಹೋದಳು.

ಈ ಲೇಖನ ಸೇರಬೇಕಾದ ಅಭಿನಂದನ ಗ್ರಂಥದ ಮಾತು ಬಂದಾಗ ಮೇಡಂ ಬೇಡವೆಂದರು. ಸಮಿತಿಯವರು ಬಿಡಲಿಲ್ಲ. ಕೊನೆಗೆ, ಈ ಪ್ರಸಂಗ ಅಚ್ಚಾಗುವುದಾದರೆ ಆಗಲಿ ಎಂದು ಒಪ್ಪಿದರು. ‘ಇದು ಅಭಿನಂದನ ಗ್ರಂಥ ಕಣ್ರೀ, ಆರೋಪಪಟ್ಟಿ ಅಲ್ಲ’ ಎಂದು ಸಮಿತಿಯ ಅಧ್ಯಕ್ಷರು ನನ್ನ ಮೇಲೆ ರೇಗಿದರು. ಅನುಮತಿಗಾಗಿ ಆ ಹೆಂಗಸಿಗೆ ಫೋನು ಮಾಡಿದೆ. ‘ಬರ್ಕೊಳ್ಳಿ, ಹೆಸರು ಬೇಡ’ ಎಂದಳು. ಮೇಡಂ ಹೇಗಿದ್ದಾರೆಂದು ಕೇಳಲಿಲ್ಲ.

ಅವರ ಮೇಲೆ ನನಗೆ ಸಿಟ್ಟಿದೆ. ಆ ಒಂದು ‘ಇಲ್ಲ’ ಬರೆಯದಿದ್ದರೆ ನಮಗೆ ತಿಳಿದಿರುವ ಇಷ್ಟೂ ತಿಳಿಯುತ್ತಿರಲಿಲ್ಲವೇನೋ. ತಿಳಿದು ಯಾರನ್ನು ಉಳಿಸಿದೆವು ಎಂದರೆ ನನ್ನ ಬಳಿ ಒಂದು ಹೆಸರೂ ಇಲ್ಲ. ನನಗೆ ಗುರುವಾಗಿ ಅವರಿಗಿಂತ ದೊಡ್ಡವರು ಸಿಗಲಾರರೆಂಬುದೂ ಅಷ್ಟೇ ನಿಜ. ಎರಡನ್ನೂ ಹೊತ್ತುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಇಂಥ ಲೇಖನ ಹಾರೈಕೆಯಿಂದ ಮುಗಿಯಬೇಕು. ಅವರ ಸಂಶೋಧನೆ ಮುಂದುವರಿಯಲಿ ಎನ್ನಲು ನನಗೆ ಬಾಯಿ ಬರುತ್ತಿಲ್ಲ. ನಿವೃತ್ತಿಯ ನಂತರ ಪ್ರತಿ ಗುರುವಾರ ಆ ಕೋಣೆಯನ್ನು ತಮಗೆ ಬಿಟ್ಟುಕೊಡಬೇಕೆಂದು ಅವರು ವಿಭಾಗಕ್ಕೆ ಅರ್ಜಿ ಕೊಟ್ಟಿದ್ದಾರೆ. ಕಾರಣ ಬರೆಯುವ ಜಾಗ ಖಾಲಿ ಬಿಟ್ಟಿದ್ದಾರೆ. ಕನ್ನಡಕದ ಅಂಗಡಿಗೆ ಗುರುವಾರ ರಜೆ. ಆಕೆ ಬರುತ್ತಾಳೆಂಬ ನಂಬಿಕೆ ನನಗಿಲ್ಲ, ಅವರಿಗೂ ಇದ್ದಂತಿಲ್ಲ. ಆದರೂ ಮೇಡಂ, ಬಹಳ ಗುರುವಾರಗಳ ಕಾಲ ಬಾಳಿ.