ಹೆಪ್ಪಿಗೆ ಉಳಿಸಿದ ಬೋಲ್ಟು

ಮೊನ್ನೆ ನೀವಿಬ್ಬರೂ ಜಗಲಿಯಲ್ಲಿ ಕುಳಿತು ನಿಮ್ಮ ಅಪ್ಪನನ್ನು ಪೀಡಿಸುತ್ತಿದ್ದಿರಿ. ಹಳೆಯ ಬೈಕುಗಳನ್ನು ಹುಡುಕಿಕೊಂಡು ತಿರುಗುವ ಯಾರೋ ಫೋನ್ ಮಾಡಿದ್ದರಂತೆ, ಹಾರ್ನ್ ಕೂಡ ಇಲ್ಲದ ಗಾಡಿಯನ್ನು ಕೇಳುವವರು ಸಿಕ್ಕಿರುವಾಗ ಯಾಕೆ ಕೊಡಬಾರದು ಎಂದು ನಿಮ್ಮ ಪ್ರಶ್ನೆ. ಅವನು ಎದ್ದು ಹೋದ. ಒಳಗೆ ಅಕ್ಕಿ ಆರಿಸುತ್ತಿದ್ದ ನನಗೆ ಹೊರಗೆ ಬಂದು ನಿಮಗೆ ಹೇಳಬೇಕು ಅನ್ನಿಸಿತು. ಆದರೆ ಎದುರು ಕೂರಿಸಿಕೊಂಡು ಇಂಥದ್ದನ್ನು ಹೇಳುವ ಬಾಯಿ ನನಗಿಲ್ಲ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆ, ಅದರಲ್ಲೇ ಬರೆದಿಡುತ್ತೇನೆ.

ಗಾಡಿ ನಿಮ್ಮ ಅಜ್ಜನದು, ನನ್ನ ಯಜಮಾನರದು. ಅವರು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು, ಜನ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಗಾಡಿ ಅದು. ಎರಡು ಸೈಲೆನ್ಸರ್. ಗೇರಿನ ಕಡ್ಡಿಯನ್ನೇ ಹಿಂದಕ್ಕೆ ಎತ್ತಿ ಕಿಕ್ ಹೊಡೆಯಬೇಕು. ಆ ಸದ್ದು ದೂರದ ಏರಿನಲ್ಲಿ ಕೇಳಿದರೆ ಸಾಕು, ಇಂಜೆಕ್ಷನ್ ಕಂಡ ದನಗಳೆಲ್ಲ ಹಗ್ಗ ಎಳೆಯಲು ಶುರು ಮಾಡುತ್ತಿದ್ದವಂತೆ. "ಡಾಕ್ಟ್ರು ಬರೋದು ನಮಗಿಂತ ಮೊದ್ಲು ದನಕ್ಕೆ ಗೊತ್ತಾಗತ್ತೆ" ಎಂದು ಜನ ನಗುತ್ತಿದ್ದರು. ಸೀಟಿನ ಪಕ್ಕದ ಪೆಟ್ಟಿಗೆಯಲ್ಲಿ ಅವರು ಯಾವಾಗಲೂ ಒಂದು ಬಾಟಲಿ ಆಯಿಲ್ ಇಟ್ಟುಕೊಳ್ಳುತ್ತಿದ್ದರು. ಪೆಟ್ರೋಲ್ ಹಾಕಿಸಿದಾಗಲೆಲ್ಲ ಅದನ್ನು ಬೆರೆಸಬೇಕು, ಇಲ್ಲದಿದ್ದರೆ ಈ ಜಾತಿಯ ಇಂಜಿನ್ ಒಳಗೇ ಬಿಗಿದುಕೊಂಡು ನಿಲ್ಲುತ್ತದೆ. ಗಾಡಿಯ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಅದೊಂದೇ. ಅವರು ಹೋದ ಮೇಲೆ ಗಾಡಿ ಸೌದೆ ಕೊಟ್ಟಿಗೆ ಸೇರಿತು. ಟಾಂಕಿಯ ಮೇಲೆ ಕೋಳಿ ಕೂರುತ್ತಿತ್ತು.

ನಿಮ್ಮ ಅಪ್ಪ ಕರೆಂಟಿನ ಲೈನ್ ಕೆಲಸಕ್ಕೆ ಹೋಗುತ್ತಿದ್ದದ್ದು ನಿಮಗೆ ಗೊತ್ತು. ಒಬ್ಬ ಗುತ್ತಿಗೆದಾರರ ಕೈಕೆಳಗೆ ಇವನೂ ಹುಂಚದ ಕಡೆಯ ಇವನ ಗೆಳೆಯನೂ ಜೋಡಿಯಾಗಿ ಹೋಗುತ್ತಿದ್ದರು. ಆ ದಿನ ಕಂಬ ಹತ್ತಬೇಕಾಗಿದ್ದವನು ನಿಮ್ಮ ಅಪ್ಪ. ಮೈ ಬಿಸಿಯಿತ್ತು. "ನೀ ಕೆಳಗೆ ನಿಂತ್ಕೊ ಮಾರಾಯ, ನಾ ಹತ್ತುತೀನಿ" ಎಂದು ಗೆಳೆಯ ಹತ್ತಿದ. ಬಂದ್ ಆಗಿದ್ದ ಲೈನಿಗೆ ಕರೆಂಟ್ ಹೇಗೆ ಬಂತು ಎಂದು ವಿಚಾರಣೆ ನಡೆಯಿತು. ಅದೆಲ್ಲ ನನಗೆ ಅರ್ಥವಾಗಲಿಲ್ಲ. ಗೆಳೆಯನ ಜೀವ ಕಂಬದ ಮೇಲೇ ಹೋಯಿತು. ಕೆಳಗೆ ಏಣಿ ಹಿಡಿದಿದ್ದ ನಿಮ್ಮ ಅಪ್ಪನನ್ನು ಕರೆಂಟ್ ಎತ್ತಿ ಎಸೆಯಿತು. ಎಡಗೈಯ ಎರಡು ಬೆರಳು ಮಡಚದೆ ಉಳಿದವು.

ಬೆರಳಿನ ಗಾಯ ಮಾಯಿತು. ಅವನು ಮಾತ್ರ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರೆ ಮಲಗಿದ್ದೇ. ನಿಮ್ಮ ಅಮ್ಮ ತೀರ್ಥಹಳ್ಳಿಯಲ್ಲಿ ಒಂದು ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರಬೇಕಾಯಿತು. ನೀವೂ ಅಲ್ಲಿ ಅವಳ ತವರಿನಲ್ಲಿ ಶಾಲೆಗೆ ಹೋದಿರಿ. ಭಾನುವಾರ ಬಂದಾಗ ಅಪ್ಪನಿಗೆ ಜ್ವರ ಎಂದು ನಾನು ನಿಮ್ಮನ್ನು ಕೋಣೆಯ ಬಾಗಿಲಿನಿಂದಲೇ ಹಿಂದಕ್ಕೆ ಕರೆದುಕೊಂಡು ಬರುತ್ತಿದ್ದೆ. ಸಾಗರದ ಡಾಕ್ಟರು ಮಾತ್ರೆ ಬರೆದುಕೊಟ್ಟು, ನನ್ನನ್ನು ಪಕ್ಕಕ್ಕೆ ಕರೆದು, "ಒಬ್ಬರನ್ನೇ ಬಿಡಬೇಡಿ ಅಮ್ಮ, ಕೈಗೆ ಏನಾದ್ರೂ ಕೆಲಸ ಸಿಗಲಿ" ಎಂದರು. ಆ ದಿನದಿಂದ ಸಂಜೆ ನೀರು ಸೇದಿ ಮುಗಿದ ಕೂಡಲೇ ಬಾವಿಯ ಹಗ್ಗವನ್ನು ರಾಟೆಯಿಂದ ಬಿಚ್ಚಿ ಒಳಗೆ ತಂದು ನನ್ನ ಹಾಸಿಗೆಯ ಕೆಳಗೆ ಇಡುತ್ತಿದ್ದೆ. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಅವನಿಗೆ ಗೊತ್ತಿತ್ತು. ನನಗೆ ಅದು ಇನ್ನೂ ಕಷ್ಟವಾಗಿತ್ತು.

ಒಂದು ದಿನ ಗುಜರಿಯವನು ಬಂದ. ಒಡೆದ ಬಕೆಟ್, ತಗಡು ಎಲ್ಲ ಹಾಕಿದ ಮೇಲೆ ಅವನ ಕಣ್ಣು ಕೊಟ್ಟಿಗೆಗೆ ಹೋಯಿತು. ನಾನೂ ಒಪ್ಪಿದೆ. ಇಬ್ಬರೂ ಸೇರಿ ಗಾಡಿಯನ್ನು ಅಂಗಳಕ್ಕೆ ದೂಡುವಾಗ ಚಕ್ರ ತಿರುಗದೆ ಕಿರುಗುಟ್ಟಿತು. ಆ ಸದ್ದಿಗೆ ನಿಮ್ಮ ಅಪ್ಪ ಬಾಗಿಲಿಗೆ ಬಂದ. ಎಷ್ಟೋ ಕಾಲದ ಮೇಲೆ ಅವನನ್ನು ಬೆಳಕಿನಲ್ಲಿ ನೋಡಿದೆ.

"ಅದು ಕೊಡೋದಲ್ಲ" ಎಂದ.

"ಓಡದ ಗಾಡಿ ಇಟ್ಕೊಂಡು ಎಂತ ಮಾಡ್ತೀರಿ? ಪೂಜೆ ಮಾಡ್ತೀರಾ?" ಎಂದ ಗುಜರಿಯವನು.

"ಓಡಿಸ್ತೀನಿ."

ಅಷ್ಟು ಹೇಳಿ ಒಳಗೆ ಹೋದ. ಮುಳುಗುವವಳಿಗೆ ಬೇರು ಸಿಕ್ಕ ಹಾಗೆ ನಾನು ಆ ಒಂದು ಮಾತನ್ನು ಹಿಡಿದುಕೊಂಡೆ. ಮರುದಿನ ಬೆಳಿಗ್ಗೆ ಅಜ್ಜನ ಸ್ಪ್ಯಾನರುಗಳನ್ನು ಬೂದಿ ಹಾಕಿ ಉಜ್ಜಿ, ಗೋಣಿಚೀಲ ಹಾಸಿ, ಅದರ ಮೇಲೆ ಸಾಲಾಗಿ ಇಟ್ಟೆ. ಕರೆಯಲಿಲ್ಲ. ಮಧ್ಯಾಹ್ನ ಅವನೇ ಬಂದು ಕುಳಿತ.

ಕೆಲಸ ಶುರುವಾಯಿತು ಎಂದರೆ ನೀವು ಸಿನಿಮಾದ ಹಾಗೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಎರಡು ಬೆರಳು ಮಡಚದ ಕೈಯಲ್ಲಿ ನಟ್ಟು ಹಿಡಿಯಲು ಆಗುತ್ತಿರಲಿಲ್ಲ. ಜಾರಿ ಬಿದ್ದರೆ ಅದನ್ನೇ ನೋಡುತ್ತ ಕುಳಿತುಬಿಡುತ್ತಿದ್ದ. ತುಕ್ಕಿಗೆ ಸೀಮೆಎಣ್ಣೆ ಸುರಿದು ಕಾಯಬೇಕು, ಕಾಯುವಾಗ ಮತ್ತೆ ಕೋಣೆ ಸೇರುತ್ತಿದ್ದ. ನನಗೆ ಇನ್ನೊಂದು ವಿಚಿತ್ರವೂ ಕಂಡಿತು. ಮುಂದಿನ ಚಕ್ರ ಬಿಚ್ಚಿ, ತೊಳೆದು, ಹೊಸ ಗ್ರೀಸು ತುಂಬಿ ಪೂರಾ ಮುಗಿಸಿದ ದಿನ ಚೆನ್ನಾಗಿ ಊಟ ಮಾಡಿದ. ಮಾರನೆಯ ದಿನ ಏಳಲೇ ಇಲ್ಲ. ಅದರ ಮರುದಿನವೂ ಇಲ್ಲ. ಹಿಂದಿನ ಚಕ್ರದ ದಿನ ಜೋರು ಮಳೆ ಬಂದು ಕೆಲಸ ಅರ್ಧಕ್ಕೆ ನಿಂತಿತು. ಮಾರನೆಯ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅವನು ಗೋಣಿಯ ಮೇಲೆ ಕುಳಿತಿದ್ದ.

ಹಾಲಿಗೆ ಹೆಪ್ಪು ಹಾಕುವಾಗ ಅದರ ಕಾರಣ ಹೊಳೆಯಿತು. ಎಷ್ಟೇ ನೆಂಟರು ಬರಲಿ, ಪಾತ್ರೆಯ ತಳದ ಮೊಸರನ್ನು ಯಾರೂ ಬಳಿದು ಬಡಿಸುವುದಿಲ್ಲ. ಅದು ನಾಳೆಯ ಹೆಪ್ಪು. ಅದನ್ನೂ ಉಂಡುಬಿಟ್ಟರೆ ನಾಳೆ ಪಕ್ಕದ ಮನೆಗೆ ಲೋಟ ಹಿಡಿದು ಹೋಗಬೇಕು. ನಾಳೆಯನ್ನು ಕಡ ಕೇಳಲು ನನ್ನ ಮಗನಿಗೆ ಯಾವ ಪಕ್ಕದ ಮನೆಯಿತ್ತು?

ಆಮೇಲೆ ನಾನು ಅವನ ಕೆಲಸ ಕದಿಯಲು ಶುರು ಮಾಡಿದೆ. ಇನ್ನೇನು ಮುಗಿಯಿತು ಅನ್ನುವಾಗ ಕರೆಯುತ್ತಿದ್ದೆ. ನೀರು ಕಾದಿದೆ, ದೋಸೆ ಆರುತ್ತದೆ, ಕರು ಬಿಚ್ಚಿಕೊಂಡಿದೆ.

"ಒಂದೇ ಒಂದು ಬೋಲ್ಟ್ ಇದೆ ಅಮ್ಮ."

"ಅದು ನಾಳೆಗಿರಲಿ."

"ನಾಳೆಗ್ಯಾಕೆ? ಬೋಲ್ಟ್ ಎಂತ ಹಲಸಿನಹಣ್ಣಾ, ಇಟ್ರೆ ಹಣ್ಣಾಗಕ್ಕೆ?"

"ಹೆಪ್ಪಿಗೆ ಇರಲಿ ಮಗ."

ಅವನು ನನ್ನ ಮುಖ ನೋಡಿದ. ಅರ್ಥವಾಯಿತೋ ಇಲ್ಲವೋ, ಸ್ಪ್ಯಾನರ್ ಕೆಳಗಿಟ್ಟು ಎದ್ದ. ಬೋಲ್ಟು ರಾತ್ರಿಯೆಲ್ಲ ಗೋಣಿಯ ಮೇಲೇ ಇತ್ತು.

ಆದರೆ ಇಂಜಿನ್ ಬಿಚ್ಚಿದಾಗ ನನ್ನ ಉಪಾಯ ಕೆಲಸಕ್ಕೆ ಬರಲಿಲ್ಲ. ಒಳಗಿನ ಪಿಸ್ಟನ್ ತುಕ್ಕಿನಲ್ಲಿ ಹೂತು ಕುಳಿತಿತ್ತು, ಹೊಡೆದು ತೆಗೆಯುವಾಗ ಒಡೆಯಿತು. ಅದನ್ನು ಕೂರಿಸುವ ಕಬ್ಬಿಣದ ಬ್ಲಾಕನ್ನು ನಿಮ್ಮ ಅಮ್ಮ ಬಟ್ಟೆಯ ಚೀಲದಲ್ಲಿ ತೀರ್ಥಹಳ್ಳಿಗೆ ಒಯ್ದು ಲೇತಿನವರಿಗೆ ತೋರಿಸಿದಳು. ಹೊಸ ಪಿಸ್ಟನ್ ಸಿಕ್ಕಿದರೆ ಮಾತ್ರ ಅದರ ಅಳತೆಗೆ ಕೊರೆದು ಕೊಡಬಹುದು ಎಂದರಂತೆ. ಪಿಸ್ಟನ್ ಎಲ್ಲೂ ಇರಲಿಲ್ಲ. ಗೋಣಿಯ ಮೇಲೆ ಮಾಡಲು ಏನೂ ಉಳಿಯಲಿಲ್ಲ. ಅವನು ಮತ್ತೆ ಗೋಡೆಯ ಕಡೆ ತಿರುಗಿದ. ಊಟದ ತಟ್ಟೆ ಇಟ್ಟಲ್ಲೇ ಇರುತ್ತಿತ್ತು. ನಾನು ಬಾಗಿಲ ಚಿಲಕ ಸಡಿಲವಾಗಿದೆ, ಗುದ್ದಲಿಗೆ ಹಿಡಿ ಹಾಕಬೇಕು ಎಂದೆಲ್ಲ ಹೇಳಿ ನೋಡಿದೆ. ಅವನು ಗೋಡೆಗೇ ಹೇಳಿದ ಹಾಗೆ ಹೇಳಿದ:

"ನಂಗೆ ಕೆಲಸ ಹುಡುಕ್ಬೇಡ ಅಮ್ಮ. ಸಾಕಾಗಿದೆ."

ಆ 'ಸಾಕಾಗಿದೆ' ಎಷ್ಟು ಮೆಲ್ಲಗಿತ್ತೆಂದರೆ ಅವತ್ತು ಸಂಜೆಯವರೆಗೆ ಕಾಯದೆ ಮಧ್ಯಾಹ್ನವೇ ಹಗ್ಗ ಬಿಚ್ಚಿ ತಂದೆ. ಪಕ್ಕದ ಮನೆಯ ಅಕ್ಕನನ್ನು ಜಗಲಿಯಲ್ಲಿ ಹೂ ಕಟ್ಟಲು ಕೂರಿಸಿ, ಒಡೆದ ಪಿಸ್ಟನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ಸಾಗರದ ಬಸ್ಸು ಹತ್ತಿದೆ.

ನಾನು ಒಬ್ಬಳೇ ಅಂಗಡಿಗೆ ಹೋಗಿ ಮಾತಾಡಿದವಳಲ್ಲ. ಸೀರೆ ಬೇಕಾದರೂ ಅಜ್ಜನೇ ತರುತ್ತಿದ್ದರು. ಬಿಡಿಭಾಗದ ಅಂಗಡಿಯ ಮುಂದೆ ಗಂಡಸರೆಲ್ಲ ಹೋಗಲಿ ಎಂದು ನಿಂತೆ. ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಿದ್ದರು. ಕೊನೆಗೆ ಅಂಗಡಿಯವರೇ, "ಎಂತ ಬೇಕಿತ್ತು ಅಮ್ಮ? ಬಸ್ಸಿಗೆ ಕಾಯ್ತಿದೀರಾ?" ಎಂದರು. ಹೆಸರು ಹೇಳಲು ನಾಲಿಗೆ ಹೊರಳಲಿಲ್ಲ. ಟವೆಲ್ ಬಿಚ್ಚಿ ಮೇಜಿನ ಮೇಲಿಟ್ಟೆ.

"ಇದ್ರ ಜೊತೆದು ಬೇಕು."

"ಅಯ್ಯೋ, ಈ ಗಾಡಿ ಇನ್ನೂ ಬದುಕಿದ್ಯಾ? ಇಲ್ಲ ಅಮ್ಮ. ಈಗ ಯಾರೂ ತರಿಸಲ್ಲ."

ನಾನು ಹೋಗಲಿಲ್ಲ. ಗಾಡಿ ಬದುಕದಿದ್ದರೆ ಬೇಡ, ನನ್ನ ಮಗ ಬದುಕಬೇಕು ಎಂಬ ಮಾತು ತಿರುಗಿ ಬರುವ ಬಸ್ಸಿನಲ್ಲಿ ಬಾಯಿಗೆ ಬಂತು, ಅಂಗಡಿಯಲ್ಲಿ ಬರಲಿಲ್ಲ. ಸುಮ್ಮನೆ ಮೇಜಿನ ಅಂಚು ಹಿಡಿದು ನಿಂತಿದ್ದೆ. ಅವರು ಬೇರೆ ಗಿರಾಕಿಗಳನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು. "ಹೀಗೆ ನಿಂತ್ರೆ ನಾನೇ ಪಿಸ್ಟನ್ ಹೆರಬೇಕಾ ಈಗ" ಎಂದು ಗೊಣಗುತ್ತ ಏಣಿ ಹಾಕಿ ಅಟ್ಟಕ್ಕೆ ಹತ್ತಿದರು. ಅವರ ಅಪ್ಪನ ಕಾಲದ ಡಬ್ಬಗಳನ್ನೆಲ್ಲ ಸರಿಸಿ, ತಲೆತುಂಬ ಧೂಳು ಮಾಡಿಕೊಂಡು, ಎಣ್ಣೆ ಕಾಗದದಲ್ಲಿ ಸುತ್ತಿದ ಒಂದನ್ನು ತಂದು ಮೇಜಿನ ಮೇಲೆ ಇಟ್ಟರು. ನಾನು ಅಲ್ಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಮನೆಗೆ ಬಂದು ಅದನ್ನು ಅವನ ದಿಂಬಿನ ಪಕ್ಕ ಇಟ್ಟೆ. ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಕಾಗದ ಬಿಚ್ಚುವ ಸದ್ದು ಕೇಳಿತು.

ಲೇತಿನವರು ಬ್ಲಾಕ್ ಕೊರೆದು ಕೊಟ್ಟ ಮೇಲೆ, ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಗಾಡಿ ಶುರುವಾಯಿತು. ಅಂಗಳವೆಲ್ಲ ನೀಲಿ ಹೊಗೆ. ಆ ಸದ್ದಿಗೆ ಹಗ್ಗ ಎಳೆಯುತ್ತಿದ್ದ ಹಳೆಯ ದನ ಒಂದೂ ಉಳಿದಿರಲಿಲ್ಲ. ಪಕ್ಕದ ಮನೆಯ ಅಕ್ಕ ಚಪ್ಪಾಳೆ ತಟ್ಟಿದಳು. ಎಲ್ಲ ಮುಗಿದಿತ್ತು. ನಾಳೆಗೆ ಏನೂ ಇರಲಿಲ್ಲ.

"ಹಾರ್ನ್ ಇಲ್ವಲ್ಲ?" ಎಂದು ಕೇಳಿದೆ.

"ನೋಡೋಣ" ಎಂದ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಗಡ್ಡ ತೆಗೆದು, ಒಗೆದ ಅಂಗಿ ಹಾಕಿಕೊಂಡು ಬಂದ. "ಹೋಗ್ತೀನಿ" ಎಂದ. ನಮ್ಮಲ್ಲಿ ಯಾರೂ ಹಾಗೆ ಹೇಳಿ ಹೊಸಿಲು ದಾಟುವುದಿಲ್ಲ, ಹೋಗಿ ಬರ್ತೀನಿ ಎನ್ನುತ್ತಾರೆ. ತಿದ್ದಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಗಾಡಿ ತಿರುವು ದಾಟಿತ್ತು.

ಮಧ್ಯಾಹ್ನಕ್ಕೆ ಬರಲಿಲ್ಲ. ಫೋನ್ ಮಾಡಿದರೆ ಅದು ಅವನ ಕೋಣೆಯಲ್ಲೇ ಬಡಿದುಕೊಂಡಿತು. ಅನ್ನ ಮಾಡಿದ್ದು ಹಾಗೇ ಇತ್ತು. ಬಾವಿಯ ಹಗ್ಗ ಬಿಚ್ಚಿ ಹಾಸಿಗೆಯ ಕೆಳಗಿಟ್ಟು ರಸ್ತೆಗೆ ಹೋಗಿ ನಿಂತೆ. ಸಾಗರದ ಕಡೆಯಿಂದ ಬಂದ ಬಸ್ಸಿಗೆ ಕೈ ಅಡ್ಡ ಮಾಡಿ ಕಂಡಕ್ಟರನ್ನು ಕೇಳಿದೆ, ಎರಡು ಸೈಲೆನ್ಸರಿನ ಹಳೆ ಗಾಡಿ ಕಂಡಿರಾ ಎಂದು. "ಹೊಳೆಬಾಗಿಲ ಕಡೆ ತಿರುಗೋ ಗಾಡಿ ಸಾವಿರ ಇವೆ ಅಮ್ಮ, ಯಾವುದು ಅಂತ ನೋಡ್ಲಿ" ಎಂದ. ಅವನು ಸುಮ್ಮನೆ ಹೇಳಿದ ಮಾತು. ನನಗೆ ಮಾತ್ರ ಲಾಂಚಿನಲ್ಲಿ ದಾಟುವ ಹೊಳೆಬಾಗಿಲಿನ ನೀರು ಕಣ್ಣ ಮುಂದೆ ಬಂತು. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಈ ಸೀಮೆಯಲ್ಲಿ ಎಲ್ಲಿ ನೋಡಿದರೂ ಕೈಚಾಚಿಕೊಂಡು ಬಿದ್ದಿದೆ. ಮನೆಯ ಹಗ್ಗ ಬಚ್ಚಿಟ್ಟೆ. ಅಷ್ಟು ನೀರನ್ನು ಯಾವ ಹಾಸಿಗೆಯ ಕೆಳಗೆ ಇಡಲಿ? ಆ ಗಾಡಿಯನ್ನು ನಾನೇ ಅಂಗಡಿ ಹುಡುಕಿ, ಸಾಮಾನು ತಂದು, ಅವನ ಕೈಗೆ ಕೊಟ್ಟು ಕಳಿಸಿದ ಹಾಗಾಯಿತಲ್ಲ ಎಂದು ಮೈಲಿಗಲ್ಲಿನ ಪಕ್ಕ ಕುಳಿತೆ. ದೇವರ ಹೆಸರು ಕೂಡ ನೆನಪಾಗಲಿಲ್ಲ.

ಹೊತ್ತು ಮುಳುಗಿತು. ನಾನು ಸದ್ದಿಗೆ ಕಿವಿ ಕೊಟ್ಟು ಕುಳಿತಿದ್ದೆ. ಅವನು ಸದ್ದಿಲ್ಲದೆ ಬಂದ. ಏರಿನಲ್ಲಿ ಗಾಡಿಯನ್ನು ದೂಡಿಕೊಂಡು, ಬಗ್ಗಿ, ಬೆವರಿ, ಒಗೆದ ಅಂಗಿಯೆಲ್ಲ ಮಸಿಯಾಗಿ ಬರುತ್ತಿದ್ದ. ಹತ್ತಿರ ಬರುವವರೆಗೆ ಯಾರೋ ಎಂದುಕೊಂಡಿದ್ದೆ.

"ಇಲ್ಯಾಕೆ ಕೂತಿದೀಯ?" ಎಂದ.

ನಾನು ಎದ್ದು ಹಿಂದಿನಿಂದ ಸೀಟಿಗೆ ಕೈ ಕೊಟ್ಟು ದೂಡಿದೆ. ಮನೆಯ ತಿರುವಿನ ಹತ್ತಿರ ಅವನೇ ಹೇಳಿದ. ಹುಂಚದ ಕಡೆ ಹೋಗಿದ್ದನಂತೆ, ಗೆಳೆಯನ ಮನೆಗೆ. ಬಸ್ಸಿನಲ್ಲಿ ಹೋಗಲು ಎಷ್ಟೋ ಸಲ ಎದ್ದಿದ್ದನಂತೆ, ಅವರ ಊರಿನ ಜನರ ನಡುವೆ ಬಸ್ಸಿನಿಂದ ಇಳಿಯುವ ಧೈರ್ಯ ಬರಲಿಲ್ಲವಂತೆ.

"ಅವ್ರಮ್ಮ ಇದ್ರು" ಎಂದ.

"ಎಂತ ಅಂದ್ರು?"

"ಬೈದ್ರು. ಇಷ್ಟು ದಿನ ಯಾಕೆ ಬರ್ಲಿಲ್ಲ, ನಾವು ಸತ್ತಿದೀವಾ ಅಂತ. ಆಮೇಲೆ ಊಟಕ್ಕೆ ಹಾಕಿದ್ರು." ಸ್ವಲ್ಪ ದೂರ ದೂಡಿದ ಮೇಲೆ, "ಅವನ ತಟ್ಟೇಲೇ ಹಾಕಿದ್ರು" ಎಂದ.

ಇಬ್ಬರೂ ಅಲ್ಲೇ ನಿಂತು ಉಸಿರು ತೆಗೆದುಕೊಂಡೆವು.

ಬರುವ ದಾರಿಯಲ್ಲಿ ಪೆಟ್ರೋಲ್ ಮುಗಿದಿತ್ತಂತೆ. ಯಾವುದೋ ಗೂಡಂಗಡಿಯಲ್ಲಿ ಬಾಟಲಿ ಪೆಟ್ರೋಲ್ ಹಾಕಿಸಿಕೊಂಡು ಹೊರಟ. ಆಯಿಲ್ ಬೆರೆಸುವುದನ್ನೇ ಮರೆತಿದ್ದ. ಅಜ್ಜನ ಬಾಟಲಿ ಪೆಟ್ಟಿಗೆಯಲ್ಲೇ ಇತ್ತು.

"ಇಂಜಿನ್ ಹಿಡ್ಕೊಂಡಿದೆ ಅಮ್ಮ" ಎಂದ. "ನಾಳೆ ಮತ್ತೆ ಬಿಚ್ಚಬೇಕು."

ಅಷ್ಟು ಕಷ್ಟಪಟ್ಟು ತಂದ ಪಿಸ್ಟನ್ ಗೀರಿ ಹೋಗಿರುತ್ತದೆ, ಬ್ಲಾಕ್ ಮತ್ತೆ ತೀರ್ಥಹಳ್ಳಿಗೆ ಹೋಗಬೇಕು, ನಾನು ಮತ್ತೆ ಆ ಅಂಗಡಿಯ ಮೇಜು ಹಿಡಿದು ನಿಲ್ಲಬೇಕು. ಇದೆಲ್ಲ ನನಗೆ ಗೊತ್ತಿತ್ತು. ಅವನ ಬಾಯಲ್ಲಿ ಬಂದ ಆ 'ನಾಳೆ'ಯನ್ನು ಮಾತ್ರ ನಾನು ಕೇಳಿಸಿಕೊಂಡೆ.

ಆಮೇಲೂ ಕೆಟ್ಟ ದಿನಗಳು ಇದ್ದವು. ಈಗಲೂ ಕೆಲವು ಸಲ ಅವನು ಗೋಡೆಯ ಕಡೆ ತಿರುಗುತ್ತಾನೆ, ನೀವು ನೋಡಿದ್ದೀರಿ. ಅಂಥ ದಿನ ಅವನ ಹತ್ತಿರ ಗಾಡಿ ಮಾರುವ ಮಾತು ಎತ್ತಬೇಡಿ. ಹಾರ್ನ್ ಯಾವಾಗ ಹಾಕ್ತೀಯ ಎಂದು ಬೇಕಾದರೆ ಕೇಳಿ.

ಆ ಸಂಜೆ ಗಾಡಿಯನ್ನು ಕೊಟ್ಟಿಗೆಗೆ ಸೇರಿಸಿ ಅವನು ಕೈ ತೊಳೆಯಲು ಬಾವಿಯ ಹತ್ತಿರ ಹೋದ. ನಾನು ಒಲೆಯ ಮುಂದೆ ಇದ್ದೆ.

"ಅಮ್ಮ" ಎಂದು ಅಲ್ಲಿಂದಲೇ ಕರೆದ. "ಹಗ್ಗ ಕೊಡು."

ಹಾಸಿಗೆಯ ಕೆಳಗಿನಿಂದ ತೆಗೆದು ಒಯ್ದು ಕೊಟ್ಟೆ. ರಾಟೆಗೆ ಹಾಕಿ ಒಂದು ಕೊಡ ಸೇದಿ ಮೊದಲು ನನ್ನ ಕಾಲಿನ ಹತ್ತಿರ ಇಟ್ಟ, ಇನ್ನೊಂದು ಸೇದಿ ತಾನು ತೊಳೆದುಕೊಂಡ. ಹಗ್ಗವನ್ನು ರಾಟೆಯ ಮೇಲೇ ಬಿಟ್ಟು ಒಳಗೆ ಬಂದ. ನಾನು ಹೋಗಿ ಬಿಚ್ಚಿ ತರಲಿಲ್ಲ.