ಬರೆದವಳು ಕಂಬದ ಹಿಂದೆ

ಟೀವಿಯಲ್ಲಿ ಹಾಸ್ಯ ಧಾರಾವಾಹಿ ಮುಗಿದ ಮರುಕ್ಷಣ ಪರದೆ ಮುದುಡಿಕೊಂಡು ಮೂಲೆಗೆ ಸರಿಯುತ್ತದೆ. ಆ ಅಂಗೈಯಗಲದ ಜಾಗದಲ್ಲಿ ದುಡಿದವರ ಹೆಸರುಗಳೆಲ್ಲ ಯಾರೋ ಅಟ್ಟಿಸಿಕೊಂಡು ಬಂದಂತೆ ಓಡಿಹೋಗುತ್ತವೆ. ಉಳಿದ ವಿಸ್ತಾರವನ್ನೆಲ್ಲ ಬಟ್ಟೆ ಒಗೆಯುವ ಪುಡಿಯೊಂದು ಆಕ್ರಮಿಸಿಕೊಳ್ಳುತ್ತದೆ. ತಾವು ಇದನ್ನು ಗಮನಿಸಿರಲಿಕ್ಕಿಲ್ಲ, ಗಮನಿಸಿದ್ದರೂ ಸಿಟ್ಟಾಗಿರಲಿಕ್ಕಿಲ್ಲ. ನಾನು ಆಗುತ್ತೇನೆ. ನನ್ನನ್ನು ಅರ್ಧ ಗಂಟೆ ನಗಿಸಿದವರು ಯಾರೆಂದು ತಿಳಿಯಲು ಕನ್ನಡಕ ಏರಿಸಿ ಟೀವಿಗೆ ಮೂಗು ತಾಗಿಸಿ ನಿಂತರೆ ನನ್ನ ಹೆಂಡತಿ ಜಾನಕಿ, "ಅದ್ಕೆ ಮುತ್ತು ಕೊಡ್ತೀರಾ ಹೇಗೆ?" ಎನ್ನುತ್ತಾಳೆ.

ಆ ಧಾರಾವಾಹಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಚಾನೆಲ್ಲಿಗೆ ನಾನೇ ಪುಕ್ಕಟೆ ಪ್ರಚಾರ ಕೊಟ್ಟಂತಾದೀತು. ಶುಕ್ರವಾರ ಸಂಜೆ ಮಡಿಕೇರಿಯ ನಮ್ಮ ಮನೆಗೆ ಯಾರೇ ಬಂದರೂ ಅವರಿಗೆ ಕಾಫಿ ಸಿಗುತ್ತಿತ್ತೇ ಹೊರತು ನನ್ನ ಮುಖದರ್ಶನ ಆಗುತ್ತಿರಲಿಲ್ಲ ಎಂದರೆ ನನ್ನ ಭಕ್ತಿಯ ಪ್ರಮಾಣ ತಿಳಿದೀತು. ಕಥೆಯ ಕೇಂದ್ರದಲ್ಲೊಬ್ಬ ಜಿಪುಣ ಮಾವ. ಅದರಲ್ಲಿ ಯಾರೂ ಜಾರಿ ಬೀಳುತ್ತಿರಲಿಲ್ಲ, ಯಾರ ಬಣ್ಣವನ್ನೂ ಹೊಟ್ಟೆಯನ್ನೂ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಹಾಸ್ಯಕ್ಕೂ ಅಪಹಾಸ್ಯಕ್ಕೂ ನಡುವೆ ಇರುವುದು ಎರಡೇ ಅಕ್ಷರ. ಆ ಎರಡಕ್ಷರವನ್ನು ವಾರವಾರವೂ ದೂರವಿಟ್ಟು ಬರೆಯುವುದು ಎಂಥ ಸಾಧನೆ ಎಂಬುದು ಉಳಿದ ಹಾಸ್ಯ ಕಾರ್ಯಕ್ರಮಗಳನ್ನು ನೋಡಿ ನೊಂದವರಿಗೆ ಗೊತ್ತು. ಕರೆಂಟು ಹೋದಾಗ ಮೇಣದಬತ್ತಿ ಕೇಳಿದ ಸೊಸೆಗೆ ಮಾವ, "ಮಾತಾಡ್ಲಿಕ್ಕೆ ಬಾಯಿ ಕಾಣ್ಬೇಕಾ?" ಎಂದ ಮೇಲಂತೂ ನಮ್ಮೂರಿನಲ್ಲಿ ಕರೆಂಟು ಹೋದಾಗೆಲ್ಲ ಯಾರಾದರೊಬ್ಬರು ಆ ಮಾತು ಆಡಿಯೇ ಆಡುತ್ತಿದ್ದರು. ನಮ್ಮೂರಿನಲ್ಲಿ ಕರೆಂಟು ಹೋಗುವುದಕ್ಕೆ ಬರವಿಲ್ಲ.

ಕೊನೆಗೊಂದು ಶುಕ್ರವಾರ ಓಡುವ ಹೆಸರುಗಳ ಫೋಟೋ ತೆಗೆದು, ಫೋನಿನಲ್ಲೇ ಹಿಗ್ಗಿಸಿ ಓದಿದೆ: ಕಥೆ, ಸಂಭಾಷಣೆ, ಸುಮಿತ್ರಾ. ಇಣುಕಿದ ಜಾನಕಿ ಸಂಭ್ರಮದಲ್ಲಿ ತನ್ನ ತವರಿನ ಅರೆಭಾಷೆಗೆ ಹೊರಳಿದಳು. "ಅಯ್ಯೋ, ಇದ್ ನಮ್ಮ ಸುಮಿತ್ರಕ್ಕ! ಕುಶಾಲನಗರಲಿ ಜೆರಾಕ್ಸ್ ಅಂಗಡಿ ಉಟ್ಟಲ್ಲ, ಅವೇ!" ಅಂಗಡಿ ಇದೆಯಲ್ಲ, ಅವರೇ ಎಂದರ್ಥ; ಅವಳ ತವರಿನ ಕಡೆಯವರಂತೆ, ಬರೆಯುವ ಹುಚ್ಚು ಮೊದಲಿಂದಲೂ ಇತ್ತಂತೆ.

ನನ್ನ ಆರಾಧ್ಯದೈವ ಮಡಿಕೇರಿಯಿಂದ ಒಂದು ಬಸ್ಸಿನ ದೂರದಲ್ಲಿ ಶುಂಠಿ ವ್ಯಾಪಾರಿಗಳ ಆಧಾರ್ ಕಾರ್ಡು ಜೆರಾಕ್ಸ್ ಮಾಡುತ್ತ ಕೂತಿತ್ತು!

ಅದೇ ಸಮಯಕ್ಕೆ ನಮ್ಮ ಬಡಾವಣೆಯ ಸಂಘದವರು ವಾರ್ಷಿಕೋತ್ಸವಕ್ಕೆ ಆ ಮಾವನ ಪಾತ್ರಧಾರಿಯನ್ನು ಅತಿಥಿಯಾಗಿ ಬರಲು ಒಪ್ಪಿಸಿದ್ದರು. ಬರೆದವರನ್ನೂ ಕರೆಯೋಣ ಎಂದು ನಾನು ಕಾರ್ಯದರ್ಶಿ ಉತ್ತಯ್ಯನ ಬೆನ್ನು ಬಿದ್ದೆ.

"ರೈಟರಾ? ಯಾವ ಎಸ್ಟೇಟ್‌ದು ಮಾರಾಯ? ಕಾಫಿ ಪಿಕ್ಕಿಂಗ್ ಟೈಮಲ್ಲಿ ಅವ್ರಿಗೆ ರಜೆ ಸಿಕ್ತದಾ?"

ಅವನದು ತಪ್ಪಲ್ಲ. ಕೊಡಗಿನಲ್ಲಿ ರೈಟರ್ ಎಂದರೆ ತೋಟದಲ್ಲಿ ಆಳುಗಳ ಹಾಜರಿ ಹಾಕುವವನು. ಈ ರೈಟರ್ ಬೇರೆ ಎಂದು ವಿವರಿಸಿದ ಮೇಲೆ, "ಆಯ್ತು, ಬರ್ಲಿ ಬಿಡು," ಎಂದ.

ಆ ದಿನ ಸುಮಿತ್ರಾ ಬಸ್ಸಿನಲ್ಲಿ ಬಂದರು. ನಾನೇ ಹೋಗಿ ಎದುರುಗೊಂಡೆ. ಐವತ್ತರ ಆಸುಪಾಸಿನ, ಮೆಲುದನಿಯ ಹೆಂಗಸು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ, ಬಾಯಿ ಕಾಣಬೇಕಾ ಎಂಬ ಮಾತು ಹೇಗೆ ಹೊಳೆಯಿತು ಎಂದು ಅಭಿಮಾನಿಗಳ ವಾಡಿಕೆಯ ಪ್ರಶ್ನೆ ಕೇಳಿದೆ.

"ಹೊಳೆದದ್ದಲ್ಲ, ನಮ್ಮಪ್ಪ ಹೇಳಿದ್ದು," ಎಂದರು. "ನೆಲ್ಯಹುದಿಕೇರಿಲಿ ನಮ್ಮ ಮನೆಗೆ ಹೊಳೆ ನುಗ್ಗಿದಾಗ ನಮ್ಮನ್ನೆಲ್ಲ ಶಾಲೆಲಿ ಇಟ್ಟಿದ್ರು. ಕರೆಂಟಿಲ್ಲ. ಮನೆ ಹೋಯ್ತಲ್ಲ ಅಂತ ಯಾರೂ ಬಾಯಿ ಬಿಡ್ತಾ ಇರ್ಲಿಲ್ಲ. ಅಪ್ಪ ಒಬ್ರೇ, 'ಮಾತಾಡಿ ಮಾರಾಯ್ರೆ, ಮಾತಾಡ್ಲಿಕ್ಕೆ ಬಾಯಿ ಕಾಣ್ಬೇಕಾ?' ಅಂದ್ರು. ಎಲ್ಲರೂ ನಕ್ರು. ಆಮೇಲೆ ಅಪ್ಪ ಹೆಚ್ಚು ದಿನ ಇರ್ಲಿಲ್ಲ."

ನಾನು ಅಷ್ಟು ದಿನ ಹೊಟ್ಟೆ ಹಿಡಿದುಕೊಂಡು ನಕ್ಕ ಮಾತು ಅದು.

ಸಭಾಂಗಣದಲ್ಲಿ ನಟ ಮಹಾಶಯರು ವೇದಿಕೆಯ ನಟ್ಟನಡುವೆ ಮೈಸೂರು ಪೇಟ ತೊಟ್ಟು ವಿರಾಜಮಾನರಾಗಿದ್ದರು. ಅವರ ಆಚೀಚೆ ಹೊರಗೆ ಊಟಕ್ಕೆ ಶಾಮಿಯಾನ ಕೊಡಿಸಿದ ರೆಸಾರ್ಟಿನ ಮಾಲೀಕರು, ಅವರ ಭಾಮೈದ, ಭಾಮೈದನ ಸ್ನೇಹಿತ. ಸುಮಿತ್ರಾ ಅವರಿಗೊಂದು ಖುರ್ಚಿ ಎಂದರೆ ಉತ್ತಯ್ಯ, "ಸ್ಟೇಜಲ್ಲಿ ಜಾಗ ಇಲ್ಲ, ಕೆಳಗೆ ಕೂರ್ಲಿ," ಎಂದ. ಮುಂದಿನ ಸಾಲಿನಲ್ಲಿ ಮಾಲೀಕರ ಬಂಧುವರ್ಗ. ಕೊನೆಗೆ ಆಕೆ ಕೂತದ್ದು ಒಂದು ಕಂಬದ ಹಿಂದೆ; ನನ್ನ ಮುಖ ನೋಡಿ, "ಇರ್ಲಿ ಬಿಡಿ, ಇಲ್ಲಿ ಫ್ಯಾನ್ ಉಂಟು," ಎಂದು ನನ್ನನ್ನೇ ಸಮಾಧಾನಪಡಿಸಿದರು.

ಅಲ್ಲಿಗೆ ಮುಗಿದಿದ್ದರೆ ನಾನು ಮನೆಗೆ ಹೋಗಿ ಜಾನಕಿಯ ಮೇಲೆ ಹರಿಹಾಯ್ದು ಸುಮ್ಮನಾಗುತ್ತಿದ್ದೆ. ಆದರೆ ಜನ ಆ ಮಾತು ಹೇಳಿ ಎಂದು ಕೂಗಿದರು, ನಟರು ಹೇಳಿದರು, ಸಭಾಂಗಣ ಚಪ್ಪಾಳೆಯಿಂದ ಬಿರಿಯಿತು. ಆಗ ಅವರು ಕೈ ಎತ್ತಿ ತಡೆದು, "ಒಂದು ಗುಟ್ಟು ಹೇಳ್ತೀನಿ. ಸ್ಕ್ರಿಪ್ಟಲ್ಲಿ ಈ ಡೈಲಾಗೇ ಇರ್ಲಿಲ್ಲ. ಸ್ಪಾಟಲ್ಲಿ ನನಗೇ ಹೊಳೀತು!" ಎಂದರು.

ಕಂಬದ ಕಡೆ ನೋಡಿದೆ. ಆಕೆ ಮಡಿಲಲ್ಲಿದ್ದ ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದರು.

ಕಾರ್ಯಕ್ರಮದಲ್ಲಿ ನನಗೆ ಒಪ್ಪಿಸಿದ್ದು ವಂದನಾರ್ಪಣೆ, ಅಂದರೆ ಜನ ಚಪ್ಪಲಿ ಹುಡುಕುವಾಗ ಆಡುವ ಮಾತು. ಮೈಕಿನವರಿಗೆ ವಂದನೆ, ಶಾಮಿಯಾನಕ್ಕೆ ವಂದನೆ ಎಂದು ಶುರುಮಾಡಿದವನಿಗೆ ನಟರ ಮಂದಸ್ಮಿತ ಕಣ್ಣಿಗೆ ಬಿದ್ದದ್ದೇ ವಂದನೆಯೆಲ್ಲ ಆವಿಯಾಯಿತು. "ಆ ಮಾತು ಇವರಿಗೆ ಹೊಳೆದದ್ದಲ್ಲ, ಸುಳ್ಳು!" ಎಂದು ಕಿರುಚಿದೆ. "ಬರೆದವರು ಅಗೋ, ಆ ಕಂಬದ ಹಿಂದೆ ಕೂತಿದ್ದಾರೆ. ಅವರಿಗೆ ಖುರ್ಚಿ ಕೊಡದ ನಮಗೂ ನಾಚಿಕೆ ಇಲ್ಲ, ಅವರ ಮಾತನ್ನು ಕದಿಯುವ ನಿಮಗೂ ಇಲ್ಲ!" ನನ್ನ ಜೊತೆ ಮೈಕೂ ಕೀರಲಿಟ್ಟಿತು. ಶಾಲೆಯ ವಿಷಯ ಮಾತ್ರ ಎತ್ತಲಿಲ್ಲ, ಅದು ಸುಮಿತ್ರಾ ಅವರದು.

ನಟರು ಪಳಗಿದವರು. ನಗುತ್ತಲೇ ಇನ್ನೊಂದು ಮೈಕು ತೆಗೆದುಕೊಂಡು, "ಸಾರ್, ಬಿಪಿ ಚೆಕ್ ಮಾಡಿಸ್ಕೊಳ್ಳಿ. ಬರೆಯೋರು ನೂರು ಜನ ಸಿಗ್ತಾರೆ. ಜನ ನಗೋದು ಯಾರನ್ನ ನೋಡಿ?" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಉತ್ತಯ್ಯ ನನ್ನ ತೋಳು ಹಿಡಿದು ಎಳೆಯುತ್ತಿದ್ದ.

ಅಷ್ಟರಲ್ಲಿ ಸುಮಿತ್ರಾ ಮೆಟ್ಟಿಲು ಹತ್ತಿ ಬಂದರು. ನನ್ನ ಕೈಯಿಂದ ಮೈಕು ತೆಗೆದುಕೊಂಡು, ನಟರತ್ತ ಕೈ ತೋರಿಸಿ, ಜೆರಾಕ್ಸ್ ಮೆಷಿನ್ ಕೆಟ್ಟಿದೆ ಎಂದು ಗಿರಾಕಿಗೆ ತಿಳಿಸುವ ಧಾಟಿಯಲ್ಲಿ, "ಸಾರ್ ಹೇಳಿದ್ದು ಸರಿ. ಮುಂದಿನ ಶುಕ್ರವಾರದ್ದು ಅವ್ರೇ ಸ್ಪಾಟಲ್ಲಿ ಹೊಳೆಸ್ಕೊಳ್ಲಿ. ನಾನು ಇನ್ನು ಬರೆದು ಕಳಿಸುದಿಲ್ಲ," ಎಂದರು.

ಸಭೆ ಗೊಳ್ಳೆಂದು ನಕ್ಕಿತು. ನಟರೂ ನಕ್ಕರು. ಆಮೇಲೆ ಆಕೆಯ ಮುಖ ನೋಡಿದರು. ನಗು ಅರ್ಧಕ್ಕೇ ನಿಂತಿತು. ಆಕೆ ಮೈಕನ್ನು ನನ್ನ ಕೈಗೇ ಕೊಟ್ಟು, ಕೊಡೆ ಎತ್ತಿಕೊಂಡು ಹೊರನಡೆದರು. ಹಾಲಿನ ತುಂಬ ಇನ್ನೂ ನಗುತ್ತಲೇ ಇದ್ದರು.

ಆಕೆ ನಿಜಕ್ಕೂ ಕಳಿಸಲಿಲ್ಲ. ಮೊದಲು ಹಳೆಯ ಕಂತುಗಳನ್ನೇ ಕತ್ತರಿಸಿ ಅಂಟಿಸಿ ಹಾಕಿದರು. ಆಮೇಲೆ ನೂರು ಜನರಲ್ಲಿ ಯಾರೋ ಒಬ್ಬರು ಸಿಕ್ಕಿದರೆಂದು ಕಾಣುತ್ತದೆ. ಮಾವ ದೋಸೆ ಹಿಟ್ಟಿನ ಮೇಲೆ ಜಾರಿ ಬಿದ್ದರು. ಮರುವಾರ ಎಸ್ಟೇಟಿನ ಕೂಲಿಗಳ ಲೈನ್‌ಮನೆಯಿಂದ ಬಂದ ಕೆಲಸದ ಹುಡುಗಿಯೊಬ್ಬಳ ತಮಿಳು ಬೆರೆತ ಕನ್ನಡವನ್ನು ಮನೆಮಂದಿಯೆಲ್ಲ ಅಣಕಿಸಿದರು, ಹಿನ್ನೆಲೆಯಲ್ಲಿ ಯಾರದೋ ರೆಕಾರ್ಡಾದ ನಗು. "ಥೂ," ಎಂದು ಜಾನಕಿಯೇ ಟೀವಿ ಆರಿಸಿದಳು. ಉತ್ತಯ್ಯ ದಾರಿಯಲ್ಲಿ ಸಿಕ್ಕಾಗೆಲ್ಲ, "ನಿನ್ನಿಂದ ಒಳ್ಳೇ ಸೀರಿಯಲ್ ಹಾಳಾಯ್ತಲ್ಲ ಮಾರಾಯ," ಎನ್ನುತ್ತಿದ್ದ. ನನ್ನಿಂದ! ಖುರ್ಚಿ ಕೊಡದವನು ಅವನು, ಮಾತು ಕದ್ದವನು ಇನ್ನೊಬ್ಬ, ಹಾಳು ಮಾಡಿದವನು ಮಾತ್ರ ನಾನು.

ಆದರೂ ಒಳಗೊಂದು ಅಳುಕು. ಆಕೆಗೆ ಒಲಿದಿದ್ದ ಕೆಲಸ ನನ್ನ ಕಿರುಚಾಟದಿಂದ ತಪ್ಪಿತೇ? ಕುಶಾಲನಗರಕ್ಕೆ ಹೋದೆ. ಸುಮಿತ್ರಾ ಅಂಗಡಿಯಲ್ಲಿ ಯಾರದೋ ಮದುವೆ ಪತ್ರಿಕೆ ಟೈಪ್ ಮಾಡುತ್ತಿದ್ದರು.

"ನೀವು ಕಿರುಚದಿದ್ರೂ ನಾನು ಬಿಡ್ತಿದ್ದೆ," ಎಂದರು. "ಬೇರೆ ಚಾನೆಲ್‌ನವ್ರು ಕೇಳಿದ್ದಾರೆ. ಬರೀತಾ ಇದ್ದೇನೆ."

"ಯಾರ ಕಥೆ?"

"ಒಬ್ಬ ಮನುಷ್ಯ. ಎಂತ ಕಂಡ್ರೂ ಸಿಟ್ಟು. ವಂದನಾರ್ಪಣೆ ಮಾಡ್ಲಿಕ್ಕೆ ಹೋಗಿ ಎಲ್ಲರಿಗೂ ಬಯ್ದು ಬರ್ತಾನೆ."

"ನಗು ಬರುತ್ತದಾ ಅದರಲ್ಲಿ?"

"ಬೇರೆಯವರಿಗೆ ಬರ್ತದೆ," ಎಂದರು, ಕಂಪ್ಯೂಟರಿನಿಂದ ಕಣ್ಣೆತ್ತದೆ.

ನನಗೆ ವಿಪರೀತ ಸಿಟ್ಟು ಬಂತು. ಎಂದಿನಿಂದ ಪ್ರಸಾರ ಎಂದು ಕೇಳಿದೆ.