ಮಾಬೂಬಿ ಚಾಚಿಯ ಹಳೇ ಗಿರಾಕಿ

ಮೊನ್ನೆ ಗಜೇಂದ್ರಗಡದಿಂದ ನರಗುಂದಕ್ಕೆ ಹೊರಟ ಬಸ್ಸು ರೋಣದಲ್ಲಿ ನಿಂತಾಗ ಹೊಸ ಮದುಮಗಳೊಬ್ಬಳು ಹತ್ತಿ ನನ್ನ ಪಕ್ಕ ಕೂತಳು. ಕೈತುಂಬ ಹಸಿರು ಗಾಜಿನ ಬಳೆ. ಬಸ್ಸು ಕುಲುಕಿದಾಗಲೆಲ್ಲ ಅವು ಸದ್ದು ಮಾಡುತ್ತಿದ್ದವು, ನನಗೆ ಮಾಬೂಬಿ ಚಾಚಿಯ ನೆನಪಾಗುತ್ತಿತ್ತು. ನಾನು ಹೊರಟದ್ದೂ ಅವಳನ್ನು ನೋಡಲಿಕ್ಕೇ ಅನ್ನಿ.

ಚಾಚಿ ನಮ್ಮ ತವರಿನ ನೆರೆಯವಳು. ನರಗುಂದದ ಪೇಟೆಯಲ್ಲಿ ಬಳೆ ಅಂಗಡಿ ಇಟ್ಟವಳು. ನನ್ನ ಕೈಯೋ, ಎಲುಬು ದಪ್ಪ, ಧೈರ್ಯ ಕಡಿಮೆ. ಬಳೆ ಕಂಡರೆ ಮುಷ್ಟಿ ಬಿಗಿಯುತ್ತಿದ್ದೆ. "ಕೈ ಸಡ್ಲ ಬಿಡ ಬೇಟಿ, ನಾ ಏನ್ ಕಸಗೊಳ್ಳಾಕತ್ತಿಲ್ಲ, ಕೊಡಾಕತ್ತೇನಿ" ಎಂದು ಮಾತಿಗೆಳೆಯುವಳು. ಮಾತು ಮುಗಿಯುವುದರೊಳಗೆ ಬಳೆ ಮಣಿಕಟ್ಟಿಗೆ ಇಳಿದಿರುತ್ತಿತ್ತು.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವಳ ಕುತ್ತಿಗೆಯಲ್ಲಿ ಗಂಟು ಎದ್ದಿತು. ಲಿಂಫೋಮಾ, ಅಂದರೆ ಕ್ಯಾನ್ಸರೇ, ಎಂದರು. ಹುಬ್ಬಳ್ಳಿಯಲ್ಲಿ ತಿಂಗಳುಗಟ್ಟಲೆ ಔಷಧ ಏರಿಸಿದರು. ಕೂದಲು ಉದುರಿತು, ಮತ್ತೆ ಬಂತು, ಚಾಚಿಯೂ ಅಂಗಡಿಗೆ ಬಂದಳು. ಅದಾಗಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು. ನಾವೆಲ್ಲ ಮರೆತೇ ಬಿಟ್ಟಿದ್ದೆವು.

ಹೋದ ವರ್ಷ ಕಂಕುಳಲ್ಲಿ ಮತ್ತೆ ಗಂಟು. ನಾಲ್ಕಕ್ಷರ ಓದಿದ ಹಮ್ಮಿನಲ್ಲಿ ನಾನು, "ಅದು ಹೋಗಿ ಎಷ್ಟ್ ವರ್ಷ ಆತು ಚಾಚಿ, ಇದು ಬ್ಯಾರೆ ಏನರ ಇರಬೇಕು" ಎಂದೆ. ಅವಳು ನಕ್ಕಳು.

"ಹಳೇ ಗಿರಾಕಿ ಮಾರಿ ನಾ ಮರಿಯೂದಿಲ್ಲ ಬೇಟಿ. ನಡಿ, ಲಗೂ ದವಾಖಾನಿಗೆ ಹೋಗೂಣು."

ಅದೇ ಆಗಿತ್ತು. ಇಷ್ಟು ವರ್ಷದ ಮೇಲೂ ಮರುಕಳಿಸುವುದುಂಟು, ಔಷಧವೂ ಉಂಟು, ಆದರೆ ಈ ಸಲ ಖಾತ್ರಿ ಹೇಳಲಾರೆ ಎಂದರು ಡಾಕ್ಟರು.

ಔಷಧ ಏರಿಸಿದ ಮೊದಲ ದಿನ ಆಸ್ಪತ್ರೆಯಲ್ಲಿ ಜೊತೆಗೆ ನಾನೇ ಇದ್ದೆ. ನರ ಸಿಗಲೆಂದು ನರ್ಸು "ಮುಷ್ಟಿ ಬಿಗಿ ಹಿಡೀರಿ" ಅಂದರೆ ಚಾಚಿಯ ಕೈ ಸಡಿಲವಾಗುತ್ತದೆ! ಮತ್ತೆ ಹೇಳಿದರೆ ಮತ್ತಷ್ಟು ಸಡಿಲ. ಊರ ಹೆಂಗಸರಿಗೆಲ್ಲ ಹೇಳಿ ಹೇಳಿ ಅವಳ ಕೈಗೇ ಅದು ರೂಢಿಯಾಗಿಬಿಟ್ಟಿತ್ತು. "ತಪ್ಪಾತ್ರಿ ಸಿಸ್ಟರ್, ಈ ಕೈಗೆ ಬ್ಯಾರೆ ಬರೂದಿಲ್ರಿ" ಎಂದಾಗ ನರ್ಸೂ ನಕ್ಕಳು. ಪಕ್ಕದ ಮಂಚದಲ್ಲಿ ಹೊಳೆಮಣ್ಣೂರಿನ ಹುಡುಗಿಯೊಬ್ಬಳು ಸೂಜಿ ನೋಡಿಯೇ ನಡುಗುತ್ತಿದ್ದಳು. ಚಾಚಿ ಸಲಾಯಿನ್ ಹಚ್ಚದ ಕೈ ಮುಂದೆ ಮಾಡಿ ಅವಳ ಬೆರಳು ಹಿಡಿದಳು. "ಯಾವೂರವಾ? ಗಂಡ ಚಲೋ ನೋಡ್ಕೊಂತಾನಿಲ್ಲ?" ಹುಡುಗಿ ನಾಚಿ ಉತ್ತರ ಹುಡುಕುವುದರೊಳಗೆ ಸೂಜಿ ಒಳಗಿತ್ತು. ಎಂಥ ಹೆಂಗಸಪ್ಪಾ ಇವಳು ಅನ್ನಿಸಿತು ನನಗೆ.

ಬಸ್ಸಿಳಿದು ಹೋದರೆ ಚಾಚಿ ಬೋಳುತಲೆಗೆ ಸೆರಗು ಹೊದ್ದು ಅಂಗಡಿಯಲ್ಲೇ ಕೂತಿದ್ದಳು.

"ಗಂಟು ಸಣ್ಣದಾಗೇತಿ. ಇನ್ನೂ ನೋಡೂಣು ಅಂದಾರ."

ಇಷ್ಟು ದಿನ ಬಾಯಿಗೆ ಬಾರದ ಮಾತು ಕೇಳಿಯೇಬಿಟ್ಟೆ: "ಅಂಜಿಕಿ ಆಗಲಿಲ್ಲೇನ ಚಾಚಿ?"

"ಆತು. ಮೊದಲಿನಕಿಂತ ಭಾಳ ಆತು. ಆವಾಗ ಏನೂ ಗೊತ್ತಿಲ್ದ ಹೋಗಿದ್ದೆ. ಈ ಸಲ ಎಲ್ಲಾ ಗೊತ್ತಿದ್ದ ಹೋದೆ ಬೇಟಿ."

ಬಳೆ ತೊಡಿಸಿದವರಿಗೆ ನಮಸ್ಕರಿಸುವುದು ನಮ್ಮ ಕಡೆ ಹೆಂಗಸರ ವಾಡಿಕೆ. ನಾನು ಬಗ್ಗಿ ಅವಳ ಕಾಲು ಮುಟ್ಟಿದೆ.

"ತೋಬಾ ತೋಬಾ! ಬಳೀನ ಇಡಿಸಿಲ್ಲ, ನಮಸ್ಕಾರ ಯಾಕ?" ಎಂದು ಚಾಚಿ ಗದರಿದಳು. ನಾನು ಮೇಲೇಳಲಿಲ್ಲ.